ಅರೀಥಾ ಫ್ರಾಂಕ್ಲಿನ್ 1967: ಪಿಯಾನೊ ಮುಂದೆ ಕುಳಿತು ಹಾಡಿದ ಎಲ್‌ಪಿ

ಅಮೆರಿಕದ ಕಪ್ಪು ಜನರ ನಡುವೆ ಬೆಳೆದ ಸೋಲ್ ಮತ್ತು ರಿದಮ್ ಅಂಡ್ ಬ್ಲೂಸ್ ಸಂಗೀತದ ಹಳೆಯ ಗಾಯಕಿಯರನ್ನು ಈಗಷ್ಟೇ ಕೇಳಲು ತೊಡಗಿರುವವರು ಒಂದೇ ಒಂದು ರೆಕಾರ್ಡ್ ಕೊಳ್ಳುವುದಾದರೆ, ಜನಪ್ರಿಯ ಹಾಡುಗಳ ಸಂಕಲನಗಳನ್ನು ಬದಿಗಿಟ್ಟು, ಅಟ್ಲಾಂಟಿಕ್ ಕಂಪನಿಯು 1967ರಲ್ಲಿ ಹೊರತಂದ ಅರೀಥಾ ಫ್ರಾಂಕ್ಲಿನ್ ಅವರ ‘ಐ ನೆವರ್ ಲವ್ಡ್ ಎ ಮ್ಯಾನ್ ದ ವೇ ಐ ಲವ್ ಯೂ’ ಎಂಬ ಎಲ್‌ಪಿಯನ್ನು (ಲಾಂಗ್ ಪ್ಲೇ ರೆಕಾರ್ಡ್) ಆರಿಸಿಕೊಳ್ಳಲಿ. ಎರಡು ಬದಿಗಳಲ್ಲಿ ಒಟ್ಟು 11 ಹಾಡುಗಳಿವೆ. ಅವಧಿ ಅರ್ಧ ಗಂಟೆಗಿಂತ ತುಸು ಹೆಚ್ಚು.

ಡೆಟ್ರಾಯಿಟ್‌ನಲ್ಲಿ ತಂದೆ ಪಾದ್ರಿಯಾಗಿದ್ದ ಚರ್ಚಿನಲ್ಲಿ ಹಾಡುತ್ತ ಬೆಳೆದ ಅರೀಥಾ ಇದಕ್ಕೂ ಮೊದಲು ಹಲವು ವರ್ಷ ಕೊಲಂಬಿಯಾ ಕಂಪನಿಗಾಗಿ ಹಾಡಿದ್ದರು. ಅಲ್ಲಿಯೂ ಕಂಠ ಇದೇ ಆಗಿತ್ತು, ಆದರೆ ಸುತ್ತಲಿನ ವಾದ್ಯಮೇಳದ ನಾಜೂಕು ಅನೇಕ ಕಡೆ ಅದನ್ನು ಅದುಮಿಟ್ಟಂತೆ ಕೇಳಿಸುತ್ತದೆ. ಅಟ್ಲಾಂಟಿಕ್‌ನ ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಅರೀಥಾರನ್ನು ಪಿಯಾನೊ ಮುಂದೆ ಕೂರಿಸಿದರು. ಈ ಎಲ್‌ಪಿಯ ಗುಟ್ಟು ಅಲ್ಲಿಯೇ ಇದೆ ಎಂದು ನನಗೆ ತೋರುತ್ತದೆ: ಹಾಡುವವರೇ ನುಡಿಸುತ್ತಿರುವುದರಿಂದ ಎಲ್ಲಿ ಉಸಿರು ನಿಲ್ಲಬೇಕು, ಎಲ್ಲಿ ಲಯ ಬಿಗಿಯಾಗಬೇಕು ಎಂಬುದನ್ನು ಅವರ ಕೈಗಳೇ ನಿರ್ಧರಿಸುತ್ತವೆ.

ಶೀರ್ಷಿಕೆಯ ಹಾಡು ಧ್ವನಿಮುದ್ರಣವಾದದ್ದು ಅಲಬಾಮಾ ರಾಜ್ಯದ ಮಸಲ್ ಷೋಲ್ಸ್‌ನಲ್ಲಿ. ದಾರಿ ಕಾಣದೆ ತಡವರಿಸುತ್ತಿದ್ದ ವಾದಕರಿಗೆ ಸ್ಪೂನರ್ ಓಲ್ಡ್‌ಹ್ಯಾಮ್ ಎಲೆಕ್ಟ್ರಿಕ್ ಪಿಯಾನೊದಲ್ಲಿ ಕಂಡುಕೊಂಡ ಒಂದು ಚಿಕ್ಕ ಪಲುಕು ಆಧಾರವಾಯಿತು. ಕುಂಟುತ್ತ ನಡೆಯುವಂತಹ ಆ ಪಲುಕಿನ ಮೇಲೆ ಅರೀಥಾರ ದನಿ ಮೊದಲು ದೂರು ಹೇಳುವಂತೆ ತಗ್ಗಿನಲ್ಲಿ ಬರುತ್ತದೆ. ಮುಂದೆ ವಾದ್ಯಗಳೆಲ್ಲ ತಟಕ್ಕನೆ ನಿಂತು ಕಂಠವೊಂದೇ ಉಳಿಯುವ ಕ್ಷಣಗಳಲ್ಲಿ ಆ ದೂರು ತಪ್ಪೊಪ್ಪಿಗೆಯಾಗಿ ಬದಲಾಗುತ್ತದೆ. ಅದೇ ದಿನ ಸ್ಟುಡಿಯೋದಲ್ಲಿ ಜಗಳವಾಗಿ ಕೆಲಸ ಮುರಿದುಬಿತ್ತು, ಉಳಿದದ್ದು ನ್ಯೂಯಾರ್ಕ್‌ನಲ್ಲಿ ಮುಗಿಯಿತು. ಅರ್ಧಕ್ಕೆ ನಿಂತಿದ್ದ ‘ಡೂ ರೈಟ್ ವುಮನ್, ಡೂ ರೈಟ್ ಮ್ಯಾನ್’ ಹಾಡಿಗೆ ಅರೀಥಾ ಅಲ್ಲಿ ಪಿಯಾನೊ, ಆರ್ಗನ್ ಎರಡನ್ನೂ ಸೇರಿಸಿ ಸೋದರಿಯರೊಡನೆ ಹಾಡಿದರು. ಕೇಳುವಾಗ ಎಲ್ಲಿಯೂ ಬೆಸುಗೆ ಕಾಣುವುದಿಲ್ಲ.

ಇದೇ ಎಲ್‌ಪಿಯ ‘ರೆಸ್ಪೆಕ್ಟ್’ (ಗೌರವ) ಹಾಡಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ 1965ರಲ್ಲಿ ಗಂಡಸಿನ ಬೇಡಿಕೆಯಾಗಿ ಹಾಡಿದ್ದನ್ನು ಅರೀಥಾ ಹೆಣ್ಣಿನ ಹಕ್ಕೊತ್ತಾಯವಾಗಿಸಿದರು. R-E-S-P-E-C-T ಎಂದು ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳುವ ಪ್ರಸಿದ್ಧ ಭಾಗ ಮೂಲದಲ್ಲಿ ಇರಲೇ ಇಲ್ಲ. ‘ಸೋಲ್ ಸೆರೆನೇಡ್’ ಮತ್ತು ‘ಗುಡ್ ಟೈಮ್ಸ್’ ಇಂಪಾಗಿದ್ದರೂ ಮನಸ್ಸಿನಲ್ಲಿ ಉಳಿಯುವಷ್ಟು ಗಟ್ಟಿಯಾಗಿಲ್ಲ. ಗಾಯಕ ಸ್ಯಾಮ್ ಕುಕ್ ಅವರ ‘ಎ ಚೇಂಜ್ ಈಸ್ ಗೊನ್ನಾ ಕಮ್’ ಹಾಡಿಗೆ, ಹಳೆಯ ಗೆಳೆಯನೊಬ್ಬ ಹೇಳಿದ ಮಾತು ಎಂಬ ಪೀಠಿಕೆಯನ್ನು ಅವರು ಸೇರಿಸಿರುವುದು ಮಾತ್ರ ಬಹಳ ಉಚಿತವಾಗಿದೆ. ಕುಕ್ ತೀರಿಕೊಂಡು ಆಗ ಮೂರು ವರ್ಷವೂ ಆಗಿರಲಿಲ್ಲ.

ಹಳೆಯ ಪ್ರತಿ ಕೊಳ್ಳುವವರು ಎರಡನೆಯ ಬದಿಯ ಮೊದಲ ಹಾಡಾದ ‘ಡಾಕ್ಟರ್ ಫೀಲ್‌ಗುಡ್’ ಅನ್ನು ಅಂಗಡಿಯಲ್ಲೇ ಹಾಕಿಸಿ ಕೇಳಲಿ. ಅದು ನಿಧಾನಗತಿಯ ಬ್ಲೂಸ್ ಆದ್ದರಿಂದ ಗೀರುಗಳ ಸದ್ದು ಪಿಯಾನೊದ ಬಿಡುವುಗಳಲ್ಲಿ ಕೂಡಲೇ ಬಯಲಾಗುತ್ತದೆ. ಅಲ್ಲಿ ಸವೆದಿರುವ ಪ್ರತಿಗೆ, ಹೊದಿಕೆ ಎಷ್ಟೇ ಚೆನ್ನಾಗಿರಲಿ, ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.