ಸಾರ್ಲಾ ಬಳಿಯ ಹಳ್ಳಿಮನೆ: ಕೋಣೆ ಹಿಡಿಯಿರಿ, ರಾತ್ರಿಯೂಟ ಬೇಡ

ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ನನ್ನ ಜೊತೆ ಒಂದೇ ಲ್ಯಾಬಿನಲ್ಲಿ ಹೆಣಗಿದ್ದ ಗೆಳತಿ ಈಗ ಗಂಡನ ಜೊತೆ ಅದೇ ದೇಶದ ದೋರ್ದೋನ್ ಸೀಮೆಯಲ್ಲಿ, ಸಾರ್ಲಾ ಪಟ್ಟಣದ ಬಳಿಯ ಹಳ್ಳಿಯೊಂದರಲ್ಲಿದ್ದಾಳೆ. ಈ ಸಲ ಹೋದಾಗ ಅವಳ ಮನೆ ತುಂಬ ಮೊಮ್ಮಕ್ಕಳು. ಹಾಗಾಗಿ ನಾನೂ ನಮ್ಮವರೂ ಅದೇ ಬೀದಿಯ ಕೊನೆಯ ಶಾಂಬ್ರ್ ದೋತ್‌ನಲ್ಲಿ ಮೂರು ರಾತ್ರಿ ಉಳಿದೆವು. ಪ್ಯಾರಿಸ್‌ನ ಓಸ್ಟರ್ಲಿಟ್ಸ್ ನಿಲ್ದಾಣದಿಂದ ಬ್ರೀವ್ ಊರಿಗೆ ನಾಲ್ಕೂವರೆ ಗಂಟೆ ರೈಲು, ಅಲ್ಲಿಂದ ಗೆಳತಿಯ ಕಾರು. ಕಾರಿಲ್ಲದವರು ಈ ಕಡೆ ಬಂದರೆ ಪಾಡು ಕಷ್ಟ.

ಶಾಂಬ್ರ್ ದೋತ್ ಅಂದರೆ ಹೋಟೆಲಲ್ಲ, ಮನೆಯವರೇ ತಮ್ಮ ಮನೆಯೊಳಗೆ ಬಾಡಿಗೆಗೆ ಕೊಡುವ ಕೋಣೆ. ಕಾನೂನಿನ ಪ್ರಕಾರ 5 ಕೋಣೆ, 15 ಜನ ಮೀರುವಂತಿಲ್ಲ. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುತ್ತದೆ. ನಮ್ಮದಕ್ಕೆ ಇಬ್ಬರಿಗೆ ದಿನಕ್ಕೆ 82 ಯೂರೋ. ಮೊಳದಷ್ಟು ದಪ್ಪದ ಕಲ್ಲುಗೋಡೆ, ಆಗಸ್ಟಿನ ಬಿಸಿಲಿನಲ್ಲೂ ಒಳಗೆ ತಂಪು. ಮೆಟ್ಟಿಲು ಮಾತ್ರ ಏಣಿಯಂತಿದೆ, ಮಂಡಿನೋವಿನವರು ಕೆಳಗಿನ ಕೋಣೆ ಕೇಳಿ. ವಾಲ್‌ನಟ್ ಜಾಮ್, ಬಿಸಿ ಬ್ರೆಡ್ಡು, ಬಟ್ಟಲಲ್ಲ ಬೋಗುಣಿ ತುಂಬ ಕಾಫಿ. ಬೆಳಗಿನ ವಿಷಯದಲ್ಲಿ ಒಂದೂ ತಕರಾರಿಲ್ಲ.

ತಕರಾರು ಇರೋದು ರಾತ್ರಿಯೂಟದ್ದು. 'ತಾಬ್ಲ್ ದೋತ್' ಅಂತ ಮನೆಯವರ ಜೊತೆ ಒಂದೇ ಉದ್ದ ಮೇಜಿನಲ್ಲಿ ಕೂತು ಉಣ್ಣುವ ಪದ್ಧತಿ, ತಲೆಗೆ 28 ಯೂರೋ. ಗೆಳತಿ, ಅವಳ ಗಂಡ, ನಾವಿಬ್ಬರು ಹಳೇ ಕಾಲದ ಹಾಗೆ ಹರಟುತ್ತ ಕೂರೋಣ ಅಂತ ಮೊದಲೇ ದುಡ್ಡು ಕಟ್ಟಿದ್ದೆ. ಆದರೆ ಈ ಊಟ ಅಲ್ಲೇ ತಂಗಿದವರಿಗೆ ಮಾತ್ರವಂತೆ! ನಿಯಮವೇ ಹಾಗೆ, ಯಜಮಾನಿಯ ತಪ್ಪೇನಿಲ್ಲ. ಆದರೂ ದುಡ್ಡು ತಗೊಳ್ಳುವಾಗ ಒಂದು ಮಾತು ಹೇಳಬಹುದಿತ್ತು. ಸಾವಿರಾರು ಮೈಲಿ ದಾಟಿ ಬಂದವಳು ಗೆಳತಿಯನ್ನು ಬೀದಿಯ ಆ ತುದಿಯಲ್ಲಿ ಬಿಟ್ಟು, ಬೆಲ್ಜಿಯಂನ ದಂಪತಿಯ ಕ್ಯಾರವಾನ್ ರಿಪೇರಿ ಕಥೆ ಕೇಳುತ್ತ ಉಂಡೆ.

ಉಂಡೆ ಅಂದೆನಲ್ಲ, ಅದೂ ಅರ್ಧ ಸುಳ್ಳು. ನಾನು ಸಸ್ಯಾಹಾರಿ ಅಂತ ಮೊದಲೇ ತಿಳಿಸಿದ್ದೆ. ಬೆಳ್ಳುಳ್ಳಿ, ಪಾರ್ಸ್ಲಿ ಹಾಕಿ ಹೊಂಬಣ್ಣಕ್ಕೆ ಹುರಿದ ಆಲೂಗಡ್ಡೆ ಬಂತು, ಘಮ ಅಂದರೆ ಘಮ. ಎರಡು ತುತ್ತಾದ ಮೇಲೆ ಯಾಕೋ ಅನುಮಾನ ಬಂದು ಕೇಳಿದೆ. ಬಾತುಕೋಳಿ ಕೊಬ್ಬು! ಸಾರ್ಲಾ ಆಲೂಗಡ್ಡೆ ಮಾಡೋದೇ ಅದರಲ್ಲಿ. "ಮಾಂಸ ಹಾಕಿಲ್ಲವಲ್ಲ" ಅಂದಳು ಯಜಮಾನಿ, ನಿಜಕ್ಕೂ ಅಚ್ಚರಿಪಟ್ಟು. ಈ ಸೀಮೆಗೆ ಹೋಗುವ ನಮ್ಮಂಥವರು 'ಮಾಂಸ ಬೇಡ' ಅಂದರೆ ಸಾಲದು, 'ಕೊಬ್ಬೂ ಬೇಡ, ವಾಲ್‌ನಟ್ ಎಣ್ಣೆ ಹಾಕಿ' ಅಂತ ಬಿಡಿಸಿ ಹೇಳಬೇಕು.

ಉಳಿದೆರಡು ರಾತ್ರಿ ಊಟ ಬೇಡವೆಂದೆ, ಮುಖ ಸಿಂಡರಿಸದೆ ದುಡ್ಡು ವಾಪಸ್ ಕೊಟ್ಟಳು. ಶನಿವಾರ ಸಾರ್ಲಾ ಸಂತೆ. ಅಲ್ಲಿ ಹಳೆಯ ಸೇಂತ್ ಮರೀ ಚರ್ಚಿನೊಳಗೇ ಮಾರುಕಟ್ಟೆ ಇದೆ. ಅದೇ ಊರಲ್ಲಿ ಬೆಳೆದ ವಾಸ್ತುಶಿಲ್ಪಿ ಜ್ಯಾಂ ನುವೆಲ್ ಅದಕ್ಕೆ ಆನೆ ನುಗ್ಗುವಷ್ಟು ಎತ್ತರದ ಲೋಹದ ಬಾಗಿಲು ಇಟ್ಟಿದ್ದಾನೆ. ಕಾಬೆಕು ಎಂಬ ಪುಟ್ಟ ಮೇಕೆ ಚೀಸು, ಟೊಮ್ಯಾಟೊ, ವಾಲ್‌ನಟ್ ಹೊತ್ತು ತಂದು ಗೆಳತಿಯ ಅಡುಗೆಮನೆಯಲ್ಲೇ ಬೇಯಿಸಿಕೊಂಡೆವು. ಮೊಮ್ಮಕ್ಕಳು ಮಲಗಿದ ಮೇಲೆ ಅವಳು ಲ್ಯಾಬಿನ ಹಳೇ ಬಾಸ್ ನಡಿಗೆಯನ್ನು ಅಣಕಿಸಿ ತೋರಿಸಿದಳು. ಮಧ್ಯರಾತ್ರಿ ದಾಟಿ ಬಂದರೂ ಯಜಮಾನಿ ಹೊರಗಿನ ದೀಪ ಆರಿಸಿರಲಿಲ್ಲ.

ಇನ್ನೊಂದು: ಈ ಮನೆಯಲ್ಲಿ ಕಾರ್ಡು ನಡೆಯೋದಿಲ್ಲ, ನೋಟೇ ಬೇಕು. ನನಗೆ ಇದು ತಿಳಿದದ್ದು ಹೊರಡುವ ಬೆಳಿಗ್ಗೆ. ಗೆಳತಿಯ ಗಂಡನಿಗೆ 40 ಯೂರೋ ಇನ್ನೂ ಬಾಕಿ ಇದೆ.