ಒಂದೇ ಬಂದೂಕು, ನಾಲ್ಕು ಎಣ್ಣೆ

ಜಗಳೂರು ಕಡೆ ನಮ್ಮ ಮೆಕ್ಕೆಜೋಳದ ಹೊಲ. ಅದನ್ನು ಕಾಯಲು ಅಪ್ಪನ ಕಾಲದ ಒಂಟಿ ನಳಿಗೆ ಬಂದೂಕಿದೆ. ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು, ಒಳಗೆ ನುಣುಪು. ಲೈಸೆನ್ಸ್ ಈಗ ನನ್ನ ಹೆಸರಿಗೆ ಬಂದಿದೆ. ಗುಂಡು ನೆಟ್ಟಗೆ ಹೋಗದಿದ್ದರೆ ನಾವು ಮೊದಲು ಬೈಯುವುದು ಮದ್ದನ್ನೇ ಅಲ್ವಾ? ನಾನು ಕಂಡಂತೆ ತಪ್ಪು ಹೆಚ್ಚಾಗಿ ಗುಂಡಿಗೆ ಸುತ್ತುವ ಬಟ್ಟೆಯ ಎಣ್ಣೆಯಲ್ಲಿರುತ್ತದೆ.

ಇದನ್ನು ಕಲಿಸಿದ್ದು ಮೋಟಾರು ಎಣ್ಣೆ. ಮನೆಯಲ್ಲಿತ್ತು ಅಂತ ಸುಮ್ನೆ ಹಚ್ಚಿದೆ. ಮೂರನೇ ಗುಂಡು ತುಂಬುವಾಗಲೇ ನಳಿಗೆಯ ಅರ್ಧಕ್ಕೇ ಕಚ್ಚಿಕೊಂಡಿತು. ಕರಿಮದ್ದು ಉರಿದರೆ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಗಟ್ಟಿ ಪುಡಿಯಾಗುತ್ತದೆ. ಒಂದಿಷ್ಟು ಹೊಗೆಯ ಜೊತೆ ಹೋಗುತ್ತದೆ, ಉಳಿದದ್ದು ಮಸಿಯಾಗಿ ಒಳಗೇ ಕೂರುತ್ತದೆ. ಅದಕ್ಕೆ ಇಂಜಿನ್ ಎಣ್ಣೆ ಸೇರಿದರೆ ಡಾಂಬರೇ ಸರಿ. ಮದ್ದಿಗೂ ಗುಂಡಿಗೂ ನಡುವೆ ಜಾಗ ಬಿಟ್ಟು ಹೊಡೆದರೆ ನಳಿಗೆ ಸೀಳಬಹುದು. ನಾನು ಹೊಡೆಯಲಿಲ್ಲ, ಬಂದೂಕು ರಿಪೇರಿಯವರ ಹತ್ತಿರ ತೆಗೆಸಿದೆ. ಗುಂಡು ತಳ ಮುಟ್ಟಿತೇ ಅಂತ ತಿಳಿಯಲು ದಟ್ಟಿಸುವ ಕಡ್ಡಿಗೆ ಅವತ್ತೇ ಗುರುತು ಹಾಕಿದೆ.

ಆಮೇಲೆ ಕೂತು ಸರಿಯಾಗಿ ಪರೀಕ್ಷೆ ಮಾಡಿದೆ. ಹಿಂದೆ ದಪ್ಪ ಮಣ್ಣಿನ ಏರಿ, 25 ಮೀಟರ್ ದೂರದಲ್ಲಿ ಹಲಗೆ, ಪ್ರತಿ ಎಣ್ಣೆಗೆ ಐದೈದು ಗುಂಡು. ಮದ್ದಿನ ಅಳತೆ ಒಂದೇ. ಬಟ್ಟೆ ಅಪ್ಪಟ ಹತ್ತಿಯದು. ಪಾಲಿಯೆಸ್ಟರ್ ಬೆರೆತ ಬಟ್ಟೆ ಬಿಸಿಗೆ ಕರಗಿ ನಳಿಗೆಗೆ ಅಂಟುತ್ತದೆ.

ಚಳ್ಳಕೆರೆಯ ಶೇಂಗಾ ಎಣ್ಣೆ ಅಡುಗೆಗೆ ಬಲು ಚೆಂದ, ಇಲ್ಲಿ ಸೋತಿತು. ತೆಳು. ಬಟ್ಟೆಯಿಂದ ಇಳಿದು ಮದ್ದನ್ನೇ ಒದ್ದೆ ಮಾಡಿತು. ಗುಂಡುಗಳು ಒಂದು ಗೇಣು ಚದುರಿದವು. ಕೊಬ್ಬರಿ ಎಣ್ಣೆ ಅದಕ್ಕಿಂತ ವಾಸಿ, ಆದರೆ ಜನವರಿಯ ಬೆಳಗ್ಗೆ ಡಬ್ಬಿಯಲ್ಲೇ ಹೆಪ್ಪುಗಟ್ಟಿತ್ತು.

ನಿಜವಾದ ಪೈಪೋಟಿ ಉಳಿದೆರಡರ ನಡುವೆ. ಒಂದು, ಹರಳೆಣ್ಣೆಗೆ ಜೇನುಮೇಣ ಕರಗಿಸಿದ್ದು. ಮಸಿ ಮೆತ್ತಗೇ ಇತ್ತು, ಐದನೇ ಗುಂಡೂ ಮೊದಲನೆಯದರಷ್ಟೇ ಸಲೀಸಾಗಿ ಇಳಿಯಿತು. ಎಲ್ಲವೂ ನಾಲ್ಕು ಬೆರಳಗಲದಲ್ಲಿ ಬಿದ್ದವು. ಇನ್ನೊಂದು, ದಾವಣಗೆರೆಯ ಲೇತ್ ಅಂಗಡಿಯಿಂದ ತಂದ ಕಟಿಂಗ್ ಎಣ್ಣೆ, ನೀರಿಗೆ ಹಾಕಿದರೆ ಹಾಲಿನಂತಾಗುವುದು. ಒಂದು ಪಾಲಿಗೆ ಏಳು ಪಾಲು ನೀರು ಬೆರೆಸಿ, ಬಟ್ಟೆ ಅದ್ದಿ, ನೆರಳಲ್ಲಿ ಪೂರ್ತಿ ಒಣಗಿಸಿದೆ. ನೀರು ಹಾರಿದ ಮೇಲೆ ಎಲ್ಲ ತುಂಡಲ್ಲೂ ಎಣ್ಣೆ ಒಂದೇ ಸಮ. ಐದು ಗುಂಡು ಮೂರು ಬೆರಳಗಲ! ಹೊಡೆದ ಮೇಲೆ ಬಟ್ಟೆ ಹೆಕ್ಕಿ ನೋಡಿದೆ, ಒಂದೂ ಹರಿದಿರಲಿಲ್ಲ, ಸುಟ್ಟಿರಲಿಲ್ಲ. ಇಷ್ಟಾದರೂ ನಮ್ಮ ಒಣ ಬಿಸಿಲಿಗೆ ಮಸಿ ಬೇಗ ಗಟ್ಟಿಯಾಗುತ್ತದೆ. ಮೂರು ಗುಂಡಿಗೊಮ್ಮೆ ಒದ್ದೆ ಬಟ್ಟೆ ಆಡಿಸಲೇಬೇಕು.

ಎಣ್ಣೆ ಗೊತ್ತಾದ ಮೇಲೆಯೇ ಮದ್ದಿಗೆ ಕೈ ಹಾಕಿದೆ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ದೊಡ್ಡ ಕಲ್ಲುಗಳಿವೆ, ನೋಡಿರುತ್ತೀರಿ. ಮದ್ದಿನ ಹದಕ್ಕೆ ಆಗಲೇ ಅಷ್ಟು ದುಡಿಯುತ್ತಿದ್ದರು. ನಾವು ಅಂಗೈ ಅಂದಾಜಿನಲ್ಲಿ ಸುರಿದರೆ ಹೇಗೆ? ಅಳತೆ ಕೊಳವೆ ಇಟ್ಟುಕೊಂಡು ಕಡಿಮೆಯಿಂದ ಶುರು ಮಾಡಿ, 5 ಗ್ರೇನ್‌ನಂತೆ ಏರಿಸಿದೆ. ಅಂದರೆ ಸುಮಾರು 0.32 ಗ್ರಾಂ. ಬಂದೂಕಿಗೆ ಹೇಳಿದ ಮಿತಿ ದಾಟಲಿಲ್ಲ. ಮಿತಿಗೆ ಎರಡು ಮೆಟ್ಟಿಲು ಕೆಳಗೇ ಗುಂಡುಗಳು ಒಟ್ಟಾದವು, ಅದಕ್ಕಿಂತ ಏರಿಸಿದಾಗ ಮತ್ತೆ ಚದುರಿದವು. ಕಾರ್ಟ್ರಿಜ್ ಬಿಚ್ಚಿದ ಹೊಗೆರಹಿತ ಮದ್ದನ್ನು ಮಾತ್ರ ಇದಕ್ಕೆ ಯಾವತ್ತೂ ಹಾಕಬೇಡಿ, ನಳಿಗೆ ಸಿಡಿಯುತ್ತದೆ.

ಈಗ ಹಲಗೆಗೆ ಗುರಿ ನೋಡುವಾಗ ಲೇತ್ ಎಣ್ಣೆಯ ಬಟ್ಟೆ, ಹೊಲದಲ್ಲಿ ರಾತ್ರಿ ಕಾಯುವಾಗ ಹರಳೆಣ್ಣೆ ಮೇಣ. ಯಾವುದೇ ಆಗಲಿ, ಅವತ್ತೇ ಬಿಸಿನೀರಲ್ಲಿ ನಳಿಗೆ ತೊಳೆದು ಒಣಗಿಸುತ್ತೇನೆ. ಆ ಮಸಿ ತೇವ ಎಳೆಯುತ್ತದೆ, ಒಂದು ರಾತ್ರಿ ಬಿಟ್ಟರೂ ತುಕ್ಕು.