ಕರಾವಳಿ ಮಳೆಗಾಲಕ್ಕೆ ತಡ್ಕೊಂಡ 8×42 ಬೈನಾಕ್ಯುಲರ್

ನಾಲ್ಕೈದು ಮಳೆಗಾಲ ದಾಟಿರೋ ಪೀಸ್ ಇದು. 8×42 (ಮೊದಲ ನಂಬರ್ ಎಷ್ಟು ಪಟ್ಟು ದೊಡ್ಡದಾಗಿ ಕಾಣತ್ತೆ ಅನ್ನೋದು), ರೂಫ್ ಪ್ರಿಸಂ ಅಂದ್ರೆ ನೇರ ಕೊಳವೆಯದ್ದು, ತೇವ ಒಳಗೆ ಹೋಗ್ದಂಗೆ ನೈಟ್ರೋಜನ್ ಅನಿಲ ತುಂಬಿ ಸೀಲ್ ಮಾಡಿದ್ದು. ಕಾರವಾರ, ಕುಮಟಾ ಕಡೆಯವ್ರು ತಗೊಳ್ಳೋದಾದ್ರೆ ಮೊದ್ಲು ಈ ಸೀಲ್ ಇದ್ಯಾ ಕೇಳಿ, ಝೂಮ್ ಎಷ್ಟು ಅನ್ನೋದು ಆಮೇಲೆ. ಜೂನ್ ಬಂತು ಅಂದ್ರೆ ನಮ್ಮಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು, ಲೆನ್ಸನ್ನ ಬಿಡತ್ತಾ? ಮನೇಲಿದ್ದ ಹಳೇ ಸಾದಾ ಬೈನಾಕ್ಯುಲರ್ ಒಳಗಡೆ ಜೇಡರ ಬಲೆ ಥರ ಫಂಗಸ್ ಬಂದಿತ್ತು, ಬಿಚ್ಚಿಸಿ ಕ್ಲೀನ್ ಮಾಡ್ಸಿದ್ರೆ ಎರಡು ಕೊಳವೆ ಅಲೈನ್‌ಮೆಂಟ್ ತಪ್ಪಿ ಒಂದು ಹಕ್ಕಿ ಎರಡಾಗಿ ಕಾಣೋಕೆ ಶುರುವಾಯ್ತು, ಅಲ್ಲಿಗೆ ಅದ್ರ ಕಥೆ ಮುಗೀತು.

ಅಂಗಡಿಯವ್ರು 20× ಇದೆ ಸಾರ್ ಅಂತ ತೋರಿಸ್ತಾರೆ. ದೇವಬಾಗ್ ಕಡೆ ಬೋಟಲ್ಲಿ ಕೂತು ಅದನ್ನ ಹಿಡೀರಿ, ಕೂರ್ಮಗಡ ದ್ವೀಪ ಇಡೀ ಕುಣಿಯತ್ತೆ ಮಾರಾಯ್ರೆ! ನನ್ನ ಕೈಗೆ 10× ಕೂಡ ನಡುಗತ್ತೆ, 8× ಆರಾಮ, ನೋಟದ ಅಗಲಾನೂ ಜಾಸ್ತಿ, ಹಾರ್ತಿರೋ ಕಡಲ ಹದ್ದು ಬೇಗ ಸಿಗತ್ತೆ. ಎರಡನೇ ನಂಬರ್ ಮುಂದಿನ ಗಾಜಿನ ಅಗಲ, ಮಿಲಿಮೀಟರಲ್ಲಿ. 42ನ್ನ 8ರಿಂದ ಭಾಗಿಸಿದ್ರೆ 5.25, ಕಣ್ಣಿಗೆ ಬೀಳೋ ಬೆಳಕಿನ ಅಗಲ ಅಷ್ಟು ಮಿಲಿಮೀಟರ್. ಜೇಬಿಗೆ ಹಿಡಿಸೋ 8×21ರಲ್ಲಿ ಬರೀ 2.6. ಟಾಗೋರ್ ಬೀಚಲ್ಲಿ ಮಧ್ಯಾಹ್ನ ಎರಡೂ ಒಂದೇ ಅನ್ಸತ್ತೆ, ಆದ್ರೆ ಸೋಂದಾ ಹತ್ರ ಮುಂಡಿಗೆಕೆರೆಗೆ ಮಳೆಗಾಲದ ಸಂಜೆ ಹೋಗಿ, ಮೋಡ ಕವಿದಿರತ್ತೆ, ಬೆಳ್ಳಕ್ಕಿಗಳು ಮುಂಡಿಗೆ ಗಿಡದ ಮೇಲಿನ ಗೂಡಿಗೆ ಇಳೀತಿರತ್ವೆ, ಚಿಕ್ಕದ್ರಲ್ಲಿ ಬಿಳಿ ಚುಕ್ಕೆ ಅಷ್ಟೇ, ಇದ್ರಲ್ಲಿ ಕೊಕ್ಕಿನ ಬಣ್ಣ ಕಾಣತ್ತೆ.

ಕನ್ನಡಕದವ್ರು ಐ ರಿಲೀಫ್ (ಪೂರ್ತಿ ನೋಟ ಕಾಣೋಕೆ ಕಣ್ಣು ಗಾಜಿಂದ ಎಷ್ಟು ದೂರ ಇರಬಹುದು ಅನ್ನೋದು) 15 ಮಿಲಿಮೀಟರ್‌ಗಿಂತ ಕಮ್ಮಿ ಇರೋದು ತಗೋಬೇಡಿ, ಸುತ್ತ ಕಪ್ಪಾಗಿ ಕಾಣತ್ತೆ. ಬಲಗಣ್ಣಿನ ಹತ್ರ ಇರೋ ಡಯಾಪ್ಟರ್ ರಿಂಗ್, ಅಂದ್ರೆ ಎರಡು ಕಣ್ಣಿನ ದೃಷ್ಟಿ ವ್ಯತ್ಯಾಸ ಸರಿಮಾಡೋ ಬಳೆ, ಒಮ್ಮೆ ಸರಿಯಾಗಿ ಕೂರಿಸ್ಕೊಳಿ. ಎಷ್ಟೋ ಜನ ಅದನ್ನ ಮುಟ್ಟೋದೇ ಇಲ್ಲ, ಆಮೇಲೆ ಮಸುಕು ಅಂತ ಒಂದು ಸ್ಟಾರ್ ಕೊಡ್ತಾರೆ!

ಬೇಜಾರಿನ ವಿಷ್ಯನೂ ಇದೆ. ಮುಂದಿನ ರಬ್ಬರ್ ಕ್ಯಾಪ್ ಸಡಿಲ, ಒಂದು ಆಗ್ಲೇ ಕಾಳಿ ನದಿ ಪಾಲಾಯ್ತು. ಮೂರು ಮೀಟರ್ ಒಳಗಿನ ಚಿಟ್ಟೆ ಫೋಕಸ್ ಆಗಲ್ಲ. ಜೊತೆಗೆ ಬಂದ ಪಟ್ಟಿ ಕುತ್ತಿಗೆ ಕೊಯ್ಯತ್ತೆ, ಬೆನ್ನಿಗೆ ಹಾಕೋ ಹಾರ್ನೆಸ್ ಬೇರೆ ತಗೊಂಡೆ.

ಬೀಚಿಂದ ಬಂದ ಮೇಲೆ ಲೆನ್ಸನ್ನ ಒಣ ಬಟ್ಟೇಲಿ ಉಜ್ಜಬೇಡಿ, ಮರಳು ಗೀರತ್ತೆ. ಮೊದ್ಲು ಬ್ಲೋಅರಲ್ಲಿ ಊದಿ, ಆಮೇಲೆ ಒದ್ದೆ ಬಟ್ಟೇಲಿ ಉಪ್ಪು ಒರ್ಸಿ. ಸೀಲ್ ಇದ್ರೂ ಹೊರಗಿನ ಗಾಜಿಗೆ ಬೂಷ್ಟು ಬರಬಹುದು, ಅದಕ್ಕೆ ನಾನು ಟೈಟ್ ಮುಚ್ಚಳದ ಡಬ್ಬಿಲಿ ಸಿಲಿಕಾ ಜೆಲ್ ಹಾಕಿ ಇಡ್ತೀನಿ, ನೀಲಿ ಹರಳು ಗುಲಾಬಿ ಆದ್ರೆ ಬಿಸಿ ಮಾಡಿ ಒಣಗಿಸ್ಬೇಕು. ಹಾಂ, ಆರ್ಗಾ ನೌಕಾನೆಲೆ ಕಡೆ ಮಾತ್ರ ಇದನ್ನ ತಿರುಗಿಸೋಕೆ ಹೋಗ್ಬೇಡಿ.